ಸಿಹಿ ವೈನ್ ಕುಡಿದರೆ ಮರ್ಯಾದೆ ಹೋಗುತ್ತದೆಯೇ?

ಬ್ರಾಂದಿ ಕೊಳ್ಳುವವನನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ಚಿಂತಾಮಣಿಯಲ್ಲಾಗಲಿ ಗೌರಿಬಿದನೂರಿನಲ್ಲಾಗಲಿ ಜಾಲರಿ ಹಾಕಿದ ಕೌಂಟರಿನ ಮುಂದೆ ನಿಂತು ಒಂದು ಕ್ವಾರ್ಟರ್ ಕೇಳಿದರೆ ಹುಡುಗ ಎತ್ತಿಕೊಡುತ್ತಾನೆ, ದುಡ್ಡು ಎಣಿಸಿಕೊಳ್ಳುತ್ತಾನೆ, ವ್ಯವಹಾರ ಮುಗಿಯಿತು. ವೈನ್ ಕೇಳಿ ನೋಡಿ. ವಿಚಾರಣೆ ಅಂಗಡಿಯಲ್ಲೇ ಶುರುವಾಗಿ ಮನೆಯ ಊಟದ ತನಕ ಹಿಂಬಾಲಿಸಿ ಬರುತ್ತದೆ. ಯಾವ ದೇಶದ್ದು? ಯಾವ ದ್ರಾಕ್ಷಿ? ಡ್ರೈ ತಾನೇ? ಎಷ್ಟು ಕೊಟ್ಟೆ? ಕೊನೆಯ ಪ್ರಶ್ನೆಗೆ ಸಣ್ಣ ಅಂಕಿ ಹೇಳಿದಿರೋ, ಮುಂದೆ ಯಾರೂ ಏನೂ ಕೇಳುವುದಿಲ್ಲ. ಲೋಟವನ್ನು ಮೂಗಿನ ಹತ್ತಿರ ತಂದು ಒಂದು ಸಣ್ಣ ನಗೆ ನಕ್ಕು ಕೆಳಗಿಡುತ್ತಾರೆ.

ಈ ಪರೀಕ್ಷೆಯ ಉತ್ತರಗಳು ಮೊದಲೇ ಗೊತ್ತುಮಾಡಿಟ್ಟವು. ಹೊರದೇಶದ್ದಾದರೆ ಮೇಲು. ಡ್ರೈ, ಅಂದರೆ ಸಿಹಿಯಿಲ್ಲದ್ದು, ಆದರೆ ಮೇಲು. ಬೆಲೆ ಹೆಚ್ಚಾದಷ್ಟೂ ಮೇಲು. ಸಿಹಿಯಾಗಿದ್ದರೆ ಹೆಂಗಸರಿಗೆ ಸರಿ ಎಂಬ ಮಾತನ್ನು ಹೆಂಗಸರೆದುರಿಗೇ ಆಡಿಬಿಡುತ್ತಾರೆ. ಇನ್ನು ನಮ್ಮ ಚಪ್ಪರದ ಬೆಂಗಳೂರು ಬ್ಲೂ ಹಣ್ಣಿನದಾದರೆ ಅದು ವೈನೇ ಅಲ್ಲ, ಕೆಮ್ಮಿನ ಔಷಧಿ. ಹತ್ತು ಹದಿನೈದು ವರ್ಷಗಳಲ್ಲಿ ಬೆಂಗಳೂರಿನಿಂದ ಏರ್‌ಪೋರ್ಟ್ ರಸ್ತೆ ಹಿಡಿದು ದೇವನಹಳ್ಳಿ ದಾಟಿ ಬಂದ ಈ ನಂಬಿಕೆ ಈಗ ಚಿಕ್ಕಬಳ್ಳಾಪುರದ ಮೇಷ್ಟ್ರು, ಶಿಡ್ಲಘಟ್ಟದ ರೀಲರು, ಬ್ಯಾಂಕಿನ ಮ್ಯಾನೇಜರು ಎಲ್ಲರ ಬಾಯಲ್ಲೂ ಇದೆ. ಇದು ಪೂರ್ತಿ ತಪ್ಪು ಎಂಬುದು ನನ್ನ ವಾದ. ತಪ್ಪು ನಿರುಪದ್ರವಿಯಾಗಿದ್ದರೆ ಸುಮ್ಮನಿರಬಹುದಿತ್ತು. ಇದು ನಮ್ಮ ಜೇಬಿಗೂ ನಾಲಗೆಗೂ ಕೊನೆಗೆ ನಮ್ಮದೇ ದ್ರಾಕ್ಷಿ ತೋಟಕ್ಕೂ ನಷ್ಟ ತರುತ್ತಿದೆ.

ವಾದಕ್ಕೆ ಜಿನ್‌ಫ್ಯಾಂಡೆಲ್ ಎಂಬ ದ್ರಾಕ್ಷಿಯ ವೈನನ್ನೇ ತೆಗೆದುಕೊಳ್ಳುತ್ತೇನೆ. ಸಂಬಳದ ಜನ ಮೊದಲ ಸಲ ಸ್ವಲ್ಪ ಧೈರ್ಯ ಮಾಡಿ ಕೊಳ್ಳುವ ಬಾಟಲಿಗಳಲ್ಲಿ ಅದೂ ಒಂದು. ನಾಸಿಕದ ಸುಲಾ ವೈನರಿಯವರು ಅದನ್ನು ಕೆಂಪಾಗಿಯೂ ಮಾಡುತ್ತಾರೆ, ಗುಲಾಬಿ ಬಣ್ಣದ ರೋಸೆಯಾಗಿಯೂ ಮಾಡುತ್ತಾರೆ. ಕುಡಿದವರಿಗೆ ಇಷ್ಟವಾಗುತ್ತದೆ. ಇಷ್ಟವಾಯಿತು ಎಂದು ಹೇಳಿಕೊಳ್ಳಲು ಸಂಕೋಚ. ಏಕೆಂದರೆ ಅದರಲ್ಲಿ ಹಣ್ಣಿನ ಘಮ ಹೆಚ್ಚು, ಒಗರು ಕಡಿಮೆ, ರೋಸೆಯಲ್ಲಿ ಮೆಲುವಾದ ಸಿಹಿ. ಅಂದರೆ ಪರೀಕ್ಷೆಯಲ್ಲಿ ಫೇಲ್.

ಈ ದ್ರಾಕ್ಷಿಯ ಜಾತಕ ತೆಗೆದರೆ ನಗು ಬರುತ್ತದೆ. 1820ರ ದಶಕದಲ್ಲಿ ಲಾಂಗ್ ಐಲೆಂಡಿನ ಜಾರ್ಜ್ ಗಿಬ್ಸ್ ಎಂಬ ನರ್ಸರಿಯವನು ವಿಯೆನ್ನಾದ ಅರಮನೆಯ ಸಂಗ್ರಹದಿಂದ ತರಿಸಿಕೊಂಡ ಬಳ್ಳಿಗಳ ಜೊತೆಗೆ ಅದು ಅಮೆರಿಕಕ್ಕೆ ಬಂತು ಎನ್ನುವುದು ಇತಿಹಾಸ ಕೆದಕಿದವರು ಒಪ್ಪಿರುವ ಕಥೆ. ಬಂದ ಹೊಸದರಲ್ಲಿ ಅದರಿಂದ ಯಾರೂ ವೈನ್ ಮಾಡಲಿಲ್ಲ. ಬಾಸ್ಟನ್ ಕಡೆಯ ಗಾಜಿನ ಮನೆಗಳಲ್ಲಿ ಬೆಳೆಸಿ ತಟ್ಟೆಯಲ್ಲಿಟ್ಟು ತಿಂದರು. ಚಿನ್ನದ ಆಸೆಗೆ ಜನ ಕ್ಯಾಲಿಫೋರ್ನಿಯಾಕ್ಕೆ ನುಗ್ಗಿದ ಕಾಲದಲ್ಲಿ ಬಳ್ಳಿಯೂ ಪಶ್ಚಿಮಕ್ಕೆ ಹೋಯಿತು, ಗಣಿಗಾರರ ದಾಹಕ್ಕೆ ವೈನಾಯಿತು. ಬಹಳ ಕಾಲ ಅದು ಯಾರ ಮಗು ಎಂದೇ ಗೊತ್ತಿರಲಿಲ್ಲ. ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾರೊಲ್ ಮೆರೆಡಿತ್ ಡಿಎನ್‌ಎ ಪರೀಕ್ಷೆ ನಡೆಸಿ 1990ರ ದಶಕದಲ್ಲಿ ಅದು ಇಟಲಿಯ ಪ್ರಿಮಿಟಿವೊ ದ್ರಾಕ್ಷಿಯೇ ಎಂದು ತೋರಿಸಿದರು. 2001ರಲ್ಲಿ ಕ್ರೊವೇಷ್ಯಾದ ವಿಜ್ಞಾನಿಗಳ ಜೊತೆ ಸೇರಿ, ಅಲ್ಲಿನ ಕಡಲತೀರದ ಒಂದು ಹಳೆಯ ತೋಟದಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದ, ಸ್ಥಳೀಯರೂ ಹೆಚ್ಚುಕಡಿಮೆ ಮರೆತಿದ್ದ ಬಳ್ಳಿಗಳೇ ಇದರ ಮೂಲ ಎಂದು ಪತ್ತೆ ಮಾಡಿದರು. ಈ ಹೊರದೇಶದ ದ್ರಾಕ್ಷಿಯ ಪೂರ್ವೋತ್ತರ ಇಷ್ಟು: ತವರಿನಲ್ಲಿ ಅನಾಥ, ಪರದೇಶದಲ್ಲಿ ತಿನ್ನುವ ಹಣ್ಣು, ಆಮೇಲೆ ಕೂಲಿಯವರ ಪಾನೀಯ. ಬೆಂಗಳೂರು ಬ್ಲೂ ಮೇಲೆ ಹೊರಿಸುವ ಮುಖ್ಯ ಅಪರಾಧ 'ಅದು ತಿನ್ನುವ ಹಣ್ಣು' ಎಂಬುದು ತಾನೇ?

ಇಲ್ಲಿಗೆ ಮುಗಿಯುವುದಿಲ್ಲ. 1972ರಲ್ಲಿ ನಾಪಾ ಕಣಿವೆಯ ಸಟರ್ ಹೋಮ್ ಎಂಬ ವೈನರಿಯ ಬಾಬ್ ಟ್ರಿಂಕೆರೊ, ತನ್ನ ಕೆಂಪು ಜಿನ್‌ಫ್ಯಾಂಡೆಲ್ ಇನ್ನಷ್ಟು ಗಾಢವಾಗಲಿ ಎಂದು ಹುದುಗುವ ಮೊದಲೇ ಸ್ವಲ್ಪ ರಸವನ್ನು ಬಸಿದು ತೆಗೆದ. ಬಸಿದದ್ದನ್ನು ಚೆಲ್ಲುವುದೇಕೆ ಎಂದು ಬೇರೆಯೇ ವೈನ್ ಮಾಡಿದ. 1975ರಲ್ಲಿ ಆ ರಸದ ಹುದುಗುವಿಕೆ ಅರ್ಧಕ್ಕೆ ನಿಂತುಹೋಯಿತು. ಸಕ್ಕರೆ ಉಳಿದು, ಬಣ್ಣ ತಿಳಿ ಗುಲಾಬಿಯಾಗಿ ಕೂತಿತು. ಕೆಟ್ಟದ್ದೆಂದು ಮೋರಿಗೆ ಸುರಿಯಬಹುದಾಗಿದ್ದ ಆ ವೈಟ್ ಜಿನ್‌ಫ್ಯಾಂಡೆಲ್ ಮುಂದಿನ ಹತ್ತು ವರ್ಷಗಳಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ವೈನ್‌ಗಳ ಸಾಲಿಗೆ ಸೇರಿತು. ಬಲ್ಲವರೆನಿಸಿಕೊಂಡವರು ಮೂಗು ಮುರಿದರು. ಅದನ್ನು ಕುಡಿಯುವವರನ್ನು ಇವತ್ತಿಗೂ ಆಡಿಕೊಳ್ಳುತ್ತಾರೆ. ಆದರೆ ಆ ದಿನಗಳಲ್ಲಿ ಕೆಂಪು ಜಿನ್‌ಫ್ಯಾಂಡೆಲ್‌ಗೆ ಗಿರಾಕಿ ಕಡಿಮೆಯಾಗಿ, ನೂರು ವರ್ಷದ ಬಳ್ಳಿಗಳನ್ನು ಕಿತ್ತು ಬೇರೆ ತಳಿ ನೆಡುವ ಯೋಚನೆ ರೈತರಿಗಿತ್ತು. ಸಿಹಿ ವೈನಿನ ಬೇಡಿಕೆ ಆ ಬಳ್ಳಿಗಳನ್ನು ಉಳಿಸಿತು. ಈಗ ಅದೇ ಮುದಿ ಬಳ್ಳಿಗಳ ಹಣ್ಣಿನಿಂದ ಮಾಡಿದ ಕೆಂಪು ವೈನಿಗೆ 'ಓಲ್ಡ್ ವೈನ್' (vine, ಅಂದರೆ ಹಳೆಯ ಬಳ್ಳಿ) ಎಂಬ ಚೀಟಿ ಅಂಟಿಸಿ ದುಬಾರಿ ಬೆಲೆಗೆ ಮಾರುತ್ತಾರೆ. ಸಿಹಿಯನ್ನು ಹಳಿದವರೇ ಅದನ್ನು ಕೊಂಡು ಕಣ್ಣು ಮುಚ್ಚಿ ಆಸ್ವಾದಿಸುತ್ತಾರೆ.

ಇನ್ನು ನಮ್ಮ ಮನೆಯ ಹಣ್ಣಿಗೆ ಬರೋಣ. ನಂದಿ ಬೆಟ್ಟದ ಸುತ್ತ, ಚಿಕ್ಕಬಳ್ಳಾಪುರದಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಯ ತನಕ ಕಲ್ಲುಕಂಬ ನೆಟ್ಟು ತಂತಿ ಎಳೆದ ಚಪ್ಪರಗಳಲ್ಲಿ ಬೆಂಗಳೂರು ಬ್ಲೂ ಬೆಳೆಯುತ್ತದೆ. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಇದು ಅಮೆರಿಕದ ಕಾಡು ದ್ರಾಕ್ಷಿಯ ರಕ್ತ ಬೆರೆತ ತಳಿ, ಇಸಬೆಲ್ಲಾ ಎಂಬ ದ್ರಾಕ್ಷಿಯ ಹತ್ತಿರದ ಬಳಗ. ಸಿಪ್ಪೆ ದಪ್ಪ, ತಿರುಳು ಲೋಳೆ, ಬೀಜ ಉಂಟು, ರೋಗಕ್ಕೆ ಸುಲಭವಾಗಿ ಬಗ್ಗದು. ಹಿಡಿದು ಮೂಸಿದರೆ ಒಂದು ತೀಕ್ಷ್ಣ ಘಮ ಬರುತ್ತದಲ್ಲ, ಗ್ರೇಪ್ ಜ್ಯೂಸಿನದೂ ದ್ರಾಕ್ಷಿ ಚಾಕಲೇಟಿನದೂ ಆದ ಘಮ, ಅದು ಮೀಥೈಲ್ ಆಂಥ್ರನಿಲೇಟ್ ಎಂಬ ರಾಸಾಯನಿಕದ್ದು. ವೈನ್ ಪಂಡಿತರು ಇದನ್ನು ನರಿವಾಸನೆ ಎಂದು ಕರೆದು ದೋಷಗಳ ಪಟ್ಟಿಗೆ ಸೇರಿಸಿದ್ದಾರೆ. ಎಂದೂ ನರಿಯನ್ನು ಮೂಸದ ನಮ್ಮವರೂ ಅದೇ ಮಾತನ್ನು ಉರು ಹೊಡೆದಿದ್ದಾರೆ.

ಈ ವಾಸನೆ ದೋಷವೆಂದು ತೀರ್ಮಾನಿಸಿದವರು ಯಾರು? ಫ್ರಾನ್ಸ್ 1930ರ ದಶಕದ ಮಧ್ಯದಲ್ಲಿ ಇಸಬೆಲ್ಲಾ ಸೇರಿದಂತೆ ಆರು ಮಿಶ್ರತಳಿ ದ್ರಾಕ್ಷಿಗಳನ್ನು ನಿಷೇಧಿಸಿತು. ಆಗ ಅಲ್ಲಿ ಬೇಕಾದ್ದಕ್ಕಿಂತ ಹೆಚ್ಚು ವೈನ್ ಹರಿಯುತ್ತಿತ್ತು, ಬೆಲೆ ಬಿದ್ದಿತ್ತು. ಔಷಧಿ ಹೊಡೆಯದೆ ಸುಲಭಕ್ಕೆ ಬೆಳೆಯುವ ಬಡವರ ಬಳ್ಳಿಗಳನ್ನು ಹೊರಗಟ್ಟುವುದಕ್ಕೆ ರುಚಿ, ಆರೋಗ್ಯ ಎಂಬ ಕಾರಣಗಳು ಒದಗಿಬಂದವು. ಅವರ ಸಂತೆಯ ಜಗಳ ಅದು. ನಾವು ಅದನ್ನು ರುಚಿಯ ವೇದವಾಕ್ಯವೆಂದು ಪಾರಾಯಣ ಮಾಡುತ್ತಿದ್ದೇವೆ. ಆಸ್ಟ್ರಿಯಾದ ದಕ್ಷಿಣ ಬುರ್ಗೆನ್‌ಲಾಂಡಿನ ಹಳ್ಳಿಗರು ಇಂಥದೇ ಮಿಶ್ರತಳಿಗಳ ವೈನನ್ನು ಬಿಡಲಿಲ್ಲ. ಊಹುಡ್ಲರ್ ಎಂದು ಅದರ ಹೆಸರು. ಸರ್ಕಾರ ಮಾರಾಟ ನಿಷೇಧಿಸಿತ್ತು, ಇವರು ಜಗಳವಾಡಿ 1992ರಲ್ಲಿ ಮತ್ತೆ ಅನುಮತಿ ಪಡೆದರು. ಈಗ ಅದು ಆ ಸೀಮೆಯ ಹೆಮ್ಮೆ, ಪ್ರವಾಸಿಗಳು ಹುಡುಕಿಕೊಂಡು ಹೋಗಿ ಕುಡಿಯುತ್ತಾರೆ. ಇಟಲಿಯಲ್ಲಿ ಇಸಬೆಲ್ಲಾದಿಂದ ಫ್ರಾಗೊಲಿನೊ ಎಂಬ ಸಿಹಿ ವೈನ್ ಮಾಡುತ್ತಾರೆ. ದಕ್ಷಿಣ ಬ್ರೆಜಿಲಿನಲ್ಲಿ ಊಟದ ಜೊತೆಗಿನ ದಿನನಿತ್ಯದ ವೈನ್ ಬಹುಪಾಲು ಇದೇ ಬಳಗದ ದ್ರಾಕ್ಷಿಯದು. ಗೋವಾಕ್ಕೆ ಹೋಗಿ ನಮ್ಮವರೇ ಹೊತ್ತು ತರುವ ಪೋರ್ಟ್ ವೈನ್ ಕೂಡ ಬೆಂಗಳೂರು ಬ್ಲೂ ಹಣ್ಣಿನಿಂದಲೇ ಆಗುವಂಥದ್ದು. ಕಡಲ ದಂಡೆಯಲ್ಲಿ ಕುಡಿದಾಗ ರಜೆಯ ಮಜಾ, ಚಿಕ್ಕಬಳ್ಳಾಪುರದಲ್ಲಿ ಕುಡಿದರೆ ಕೆಮ್ಮಿನ ಔಷಧಿ!

ಬೆಲೆಯ ವಿಷಯಕ್ಕೆ ಹೋಗುವ ಮೊದಲು ಒಂದು ಮಾತು ಒಪ್ಪಬೇಕು. ಅಗ್ಗದ ಸಿಹಿ ವೈನ್‌ಗಳಲ್ಲಿ ಕೆಟ್ಟವು ಬೇಕಾದಷ್ಟಿವೆ. ಹುಳಿತ ರಸಕ್ಕೆ ಸಕ್ಕರೆ ಸುರಿದು, ಸ್ಪಿರಿಟ್ ಬೆರೆಸಿ, ಬಣ್ಣ ಕಪ್ಪಗೆ ಮಾಡಿ ಮಾರಿದ್ದನ್ನು ನಾನು ಸಮರ್ಥಿಸುತ್ತಿಲ್ಲ. ಸಿಹಿ ಅನೇಕ ದೋಷಗಳನ್ನು ಮುಚ್ಚುತ್ತದೆ ಎನ್ನುವುದೂ ನಿಜ. ಸ್ಪಿರಿಟ್ ಸೇರಿಸಿದ ವೈನನ್ನು ಶರಬತ್ತಿನಂತೆ ಗಟಗಟ ಕುಡಿದರೆ ತಲೆ ನೆಲಕ್ಕೆ ಬರುವುದೂ ನಿಜ. ಆದರೆ ಕೆಟ್ಟ ಡ್ರೈ ವೈನ್ ಇಲ್ಲವೇ? ಓಕ್ ಮರದ ಚೂರು ನೆನೆಹಾಕಿ ವಾಸನೆ ಏರಿಸಿದ, ನಾಲಗೆ ಚುರುಗುಟ್ಟುವ, ಒಂದು ಗುಟುಕಿಗೆ ಬಾಯಿ ಒಣಗಿಸುವ ಕೆಂಪು ವೈನ್‌ಗಳನ್ನು 'ಗಂಭೀರವಾಗಿದೆ' ಎಂದು ಹೊಗಳಿ ಕುಡಿದವರನ್ನು ನಾನು ಬಲ್ಲೆ. ಕೆಟ್ಟ ಸಿಹಿ ವೈನ್ ಸಿಹಿಯ ಅಪರಾಧವಾಗುತ್ತದೆ. ಕೆಟ್ಟ ಡ್ರೈ ವೈನ್ ಮಾತ್ರ ಕುಡಿದವನ ಅಜ್ಞಾನವಾಗುತ್ತದೆ.

ಈಗ ದುಡ್ಡು. ಕ್ಯಾಲಿಫೋರ್ನಿಯಾದ ಒಂದು ಸಾಧಾರಣ ಜಿನ್‌ಫ್ಯಾಂಡೆಲ್ ಬಾಟಲಿ ನಮ್ಮ ಬಂದರಿಗೆ 600 ರೂಪಾಯಿ ಬೆಲೆಗೆ ಬಂದಿಳಿಯಿತು ಎಂದಿಟ್ಟುಕೊಳ್ಳಿ. ವಿದೇಶಿ ವೈನಿನ ಮೇಲೆ ದೀರ್ಘಕಾಲದಿಂದ ಇದ್ದ ಆಮದು ಸುಂಕ ಶೇ. 150. ಅಂದರೆ 900 ರೂಪಾಯಿ ಸುಂಕ. ಬಂದರಿನ ಗೇಟು ದಾಟುವ ಹೊತ್ತಿಗೆ ಬಾಟಲಿ 1,500. ಅದರ ಮೇಲೆ ರಾಜ್ಯದ ಅಬಕಾರಿ, ಆಮದುದಾರನ ಲಾಭ, ಗೋದಾಮು, ಅಂಗಡಿಯವನ ಪಾಲು. ದೇಶದೇಶಗಳ ನಡುವಿನ ಒಪ್ಪಂದಗಳಿಂದ ಈ ಸುಂಕ ಇಳಿಯತೊಡಗಿದೆ. 2022ರ ಒಪ್ಪಂದದ ಪ್ರಕಾರ ಆಸ್ಟ್ರೇಲಿಯಾದಿಂದ ಬರುವ, 5 ಅಮೆರಿಕನ್ ಡಾಲರ್‌ಗಿಂತ ಹೆಚ್ಚು ಬೆಲೆಯ ಬಾಟಲಿಗಳಿಗೆ ಮೊದಲ ಹಂತದಲ್ಲೇ ಶೇ. 100ಕ್ಕೆ ಇಳಿಯಿತು. ಇಳಿದರೂ ಲೆಕ್ಕದ ಸ್ವಭಾವ ಬದಲಾಗುವುದಿಲ್ಲ. ಇಷ್ಟೆಲ್ಲ ಸೇರಿ ಎರಡೂವರೆ ಸಾವಿರ ಕೊಟ್ಟು ತಂದವನು ಎರಡೂವರೆ ಸಾವಿರದ ವೈನ್ ಕುಡಿಯುತ್ತಿಲ್ಲ. ಆರು ನೂರರ ವೈನನ್ನು ಸುಂಕದ ರಸೀದಿಯ ಜೊತೆ ಕುಡಿಯುತ್ತಿದ್ದಾನೆ. ರುಚಿ ಹೋಲಿಸುವುದಾದರೆ ಅದೇ ಆರು ನೂರಕ್ಕೆ ಸುಂಕವಿಲ್ಲದೆ ಸಿಗುವ ನಾಸಿಕದ ಅಥವಾ ನಂದಿ ಕಣಿವೆಯ ಬಾಟಲಿಯ ಜೊತೆ ಹೋಲಿಸಬೇಕು.

ಸಾಗಾಣಿಕೆ, ದಾಸ್ತಾನಿನ ಕಥೆ ಬೇರೆ. ನಮ್ಮ ಊರಿನ ಅಂಗಡಿಗಳಲ್ಲಿ ವೈನ್ ಇರುವುದು ಮೇಲಿನ ಸಾಲಿನಲ್ಲಿ, ಟ್ಯೂಬ್‌ಲೈಟಿನ ಪಕ್ಕ, ನಿಲ್ಲಿಸಿದಂತೆ. ಓಡುವ ಸರಕು ಕೆಳಗೆ ಕೈಗೆಟಕುವಂತಿರುತ್ತದೆ. ವೈನ್ ಧೂಳು ಹಿಡಿಯುತ್ತದೆ. ಏಪ್ರಿಲ್ ತಿಂಗಳ ಸೆಕೆಯನ್ನು ಒಂದೆರಡು ಸಲ ಆ ತಗಡಿನ ಮಾಡಿನ ಕೆಳಗೆ ಕಳೆದ ದುಬಾರಿ ಬಾಟಲಿಯಲ್ಲಿ ಉಳಿದಿರುವುದು ಬೆಲೆ ಮಾತ್ರ. ಜಾಲರಿಯ ಈಚೆ ನಿಂತವನಿಗೆ ಚೀಟಿಯ ಅಕ್ಷರ ಕಾಣುವುದಿಲ್ಲ, ಕೈಗೆ ಕೊಡಿ ನೋಡುತ್ತೇನೆ ಎಂದರೆ ಹಿಂದೆ ನಿಂತವರು ಗದರುತ್ತಾರೆ. ಇಂಥ ಅಂಗಡಿಯಲ್ಲಿ ಜಾಣತನವೆಂದರೆ ತಯಾರಿಕೆಯ ತಿಂಗಳು ಹತ್ತಿರದ್ದಾಗಿರುವ, ಬೇಗ ಖರ್ಚಾಗುವ, ತಿರುಗುಮುಚ್ಚಳದ ದೇಶಿ ಬಾಟಲಿ ಕೇಳುವುದು. ಬಿಳಿ ಮತ್ತು ರೋಸೆ ವೈನ್‌ಗಳಿಗಂತೂ ಹೊಸತಾಗಿರುವುದೇ ಅರ್ಧ ರುಚಿ.

ಬೆಲೆಗೂ ರುಚಿಗೂ ಸಂಬಂಧವೇ ಇಲ್ಲವೇ ಎಂದರೆ, ತಳದಲ್ಲಿ ಸ್ವಲ್ಪ ಇದೆ. ತೀರಾ ಅಗ್ಗದ್ದಕ್ಕೂ ಅದರ ಎರಡರಷ್ಟು ಬೆಲೆಯದಕ್ಕೂ ನಡುವೆ ಯಾರಿಗೂ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿಂದ ಮೇಲೆ ಹತ್ತಿದಂತೆ ನಾಲಗೆ ಹಿಂದೆ ಬಿದ್ದು ಕಣ್ಣು ಮುಂದೆ ಹೋಗುತ್ತದೆ. ರಾಬಿನ್ ಗೋಲ್ಡ್‌ಸ್ಟೀನ್ ಮತ್ತು ಸಂಗಡಿಗರು 2008ರಲ್ಲಿ ಆರು ಸಾವಿರಕ್ಕೂ ಹೆಚ್ಚು ಗುಟುಕು-ಪರೀಕ್ಷೆಗಳ ಫಲಿತಾಂಶ ಪ್ರಕಟಿಸಿದರು. ಬೆಲೆ ಗೊತ್ತಿಲ್ಲದೆ ಕುಡಿದಾಗ ಸಾಮಾನ್ಯ ಜನ ದುಬಾರಿ ವೈನನ್ನು ಮೆಚ್ಚಿದ್ದು ಹೆಚ್ಚಲ್ಲ, ಕೊಂಚ ಕಡಿಮೆಯೇ. ಅದೇ ವರ್ಷ ಕ್ಯಾಲಿಫೋರ್ನಿಯಾದ ಇನ್ನೊಂದು ತಂಡ ಜನರನ್ನು ಮೆದುಳಿನ ಸ್ಕ್ಯಾನರ್ ಒಳಗೆ ಮಲಗಿಸಿ ಒಂದೇ ವೈನನ್ನು ಎರಡು ಬೆಲೆ ಹೇಳಿ ಕುಡಿಸಿತು. ದೊಡ್ಡ ಬೆಲೆ ಹೇಳಿದಾಗ ಮೆದುಳಿನ ಸುಖದ ಭಾಗ ಹೆಚ್ಚು ಬೆಳಗಿತು. ಫ್ರಾನ್ಸಿನ ಫ್ರೆಡರಿಕ್ ಬ್ರೊಷೆ ವೈನ್ ಶಾಸ್ತ್ರದ ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ಕೆಂಪು ಬಣ್ಣ ಹಾಕಿ ಕೊಟ್ಟರೆ ಅವರು ಕೆಂಪು ವೈನಿನ ವರ್ಣನೆಯನ್ನೇ ಬರೆದುಕೊಟ್ಟರು. ಇನ್ನು ತೀರ್ಪುಗಾರರು: ಕ್ಯಾಲಿಫೋರ್ನಿಯಾ ಸ್ಟೇಟ್ ಫೇರ್ ಸ್ಪರ್ಧೆಯಲ್ಲಿ ರಾಬರ್ಟ್ ಹಾಡ್ಜ್‌ಸನ್ ಒಂದೇ ಬಾಟಲಿಯ ವೈನನ್ನು ಗೊತ್ತಾಗದಂತೆ ಮೂರು ಸಲ ಮುಂದಿಟ್ಟು ನೋಡಿದ. ಮೂರು ಸಲವೂ ಹೆಚ್ಚುಕಡಿಮೆ ಒಂದೇ ಅಂಕ ಕೊಟ್ಟವರು ಹತ್ತರಲ್ಲಿ ಒಬ್ಬರು. ಬಾಟಲಿಯ ಮೇಲೆ ಹೊಳೆಯುವ ಚಿನ್ನದ ಪದಕದ ಚೀಟಿ ಕಂಡಾಗ ಉಳಿದ ಒಂಬತ್ತು ಜನರನ್ನೂ ನೆನೆಯುವುದು ಒಳ್ಳೆಯದು.

ಬೆಲೆ ನೋಡಿ ಮೆಚ್ಚಬಾರದೆಂದು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಬೆಳಿಗ್ಗೆ ಹೋಗಿ ನೋಡಿ. ರೀಲರು ರೇಷ್ಮೆ ಗೂಡನ್ನು ಬೆರಳಲ್ಲಿ ಒತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ನೂಲು ಎಷ್ಟು ಬಿಚ್ಚೀತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಆಮೇಲೆ ಬೆಲೆ ಕೂಗುತ್ತಾನೆ. ಬೆಲೆ ನೋಡಿ ಗೂಡನ್ನು ಮೆಚ್ಚಿದವನು ಒಂದು ವಾರವೂ ಆ ಕಸುಬಿನಲ್ಲಿ ಉಳಿಯಲಾರ. ಸಂಜೆ ಅದೇ ರೀಲರು ವೈನ್ ಕೊಳ್ಳುವಾಗ ಮಾತ್ರ ಬೆಲೆ ನೋಡಿ ಮೆಚ್ಚುತ್ತಾನೆ.

ಪರೀಕ್ಷಿಸಿಯೇ ನಂಬುವ ಪಾಠಕ್ಕೂ ನಾವು ದೂರ ಹೋಗಬೇಕಿಲ್ಲ: ಗೌರಿಬಿದನೂರಿನ ಹೊಸೂರು ನಮಗೆ ಎಚ್. ನರಸಿಂಹಯ್ಯನವರನ್ನು ಕೊಟ್ಟಿತು. ಅವರು ಖಾದಿ ತೊಟ್ಟ ಗಾಂಧಿವಾದಿ. ಬಾಟಲಿಯ ಪ್ರಸ್ತಾಪದಲ್ಲಿ ಅವರ ಹೆಸರೆತ್ತಿದ್ದಕ್ಕೆ ನನ್ನನ್ನು ಹೊರಗೆ ಕಳಿಸುತ್ತಿದ್ದರೇನೋ. ಆದರೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದಾಗ ಅವರು ಕೇಳಿದ್ದು ಇಷ್ಟೇ: ಎಲ್ಲರೂ ನೋಡುವಂತೆ, ನಾವು ಹೇಳಿದ ಷರತ್ತಿನಲ್ಲಿ ಮಾಡಿ ತೋರಿಸಿ. ಕಾಕತಾಳೀಯವಾಗಿ ಅದೇ 1976ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವ್ಯಾಪಾರಿ ಹೆಸರು ಮುಚ್ಚಿದ ಬಾಟಲಿಗಳಿಂದ ಫ್ರೆಂಚ್ ತೀರ್ಪುಗಾರರಿಗೆ ವೈನ್ ಕುಡಿಸಿದ. ಬಿಳಿಯಲ್ಲೂ ಕೆಂಪಿನಲ್ಲೂ ಮೊದಲು ಬಂದದ್ದು ಕ್ಯಾಲಿಫೋರ್ನಿಯಾದ ವೈನ್‌ಗಳು. ತೀರ್ಪುಗಾರರಲ್ಲಿ ಒಬ್ಬರು ತಮ್ಮ ಅಂಕಪಟ್ಟಿಯನ್ನು ವಾಪಸು ಕೇಳಿದರಂತೆ. ಹೆಸರು ಮುಚ್ಚಿದ ಕೂಡಲೇ ಪವಾಡ ಕೆಲಸ ನಿಲ್ಲಿಸುತ್ತದೆ, ಹೊಸೂರಿನ ಮೇಷ್ಟ್ರು ಹೇಳಿದ್ದು ಸುಳ್ಳಲ್ಲ.

ಡ್ರೈ ವೈನಿನ ಮೇಲರಿಮೆ ಊಟದ ಎಲೆಯ ಮುಂದೆ ಇನ್ನೂ ಹಾಸ್ಯಾಸ್ಪದವಾಗುತ್ತದೆ. ಬೆಣ್ಣೆಯಲ್ಲಿ ಬೆಂದ ಮಾಂಸಕ್ಕೂ ಚೀಸಿಗೂ ಒಗರು ಕೆಂಪು ವೈನ್ ಹೊಂದುತ್ತದೆ, ಕೊಬ್ಬು ಒಗರನ್ನು ಮೆತ್ತಗೆ ಮಾಡುತ್ತದೆ. ನಮ್ಮದು ಬ್ಯಾಡಗಿ, ಗುಂಟೂರು ಎರಡೂ ಬೆರೆತ ಸಾರು. ಖಾರ ತಿಂದ ನಾಲಗೆಯ ಮೇಲೆ ಒಗರು ಮತ್ತು ಹೆಚ್ಚು ಆಲ್ಕೋಹಾಲ್ ಬಿದ್ದರೆ ಉರಿ ಇಮ್ಮಡಿಯಾಗುತ್ತದೆ. ಸಿಹಿ ಬಿದ್ದರೆ ಉರಿ ಇಳಿಯುತ್ತದೆ. ನಾಟಿ ಕೋಳಿ ಸಾರು, ಮುದ್ದೆಯ ಮುಂದೆ ಶೇಕಡಾ ಹದಿನಾಲ್ಕೂವರೆ ಆಲ್ಕೋಹಾಲಿನ ಒಗರು ಕ್ಯಾಬರ್ನೆ ಇಟ್ಟುಕೊಂಡು ಬೆವರುವವನನ್ನು ನೋಡಿದರೆ ಅಯ್ಯೋ ಎನಿಸುತ್ತದೆ. ಅವನ ಪಕ್ಕದಲ್ಲಿ ತಣ್ಣಗಿನ ಜಿನ್‌ಫ್ಯಾಂಡೆಲ್ ರೋಸೆ ಹಿಡಿದ ಅವನ ಹೆಂಡತಿ ಆರಾಮಾಗಿ ಎರಡನೇ ಮುದ್ದೆ ಮುರಿಯುತ್ತಿರುತ್ತಾಳೆ. ಹಿತಕಿದಬೇಳೆ ಸಾರಿಗೆ, ಮಟನ್ ಬಿರಿಯಾನಿಗೆ ಕೆಂಪು ಜಿನ್‌ಫ್ಯಾಂಡೆಲ್ ಚೆನ್ನಾಗಿಯೇ ಹೊಂದುತ್ತದೆ. ಅದನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಬೇಕು. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಸೂತ್ರ ಹುಟ್ಟಿದ ಯೂರೋಪಿನ ಹಳೆಯ ಕಲ್ಲುಮನೆಗಳಲ್ಲಿ ಕೋಣೆಯೆಂದರೆ 16ರಿಂದ 18 ಡಿಗ್ರಿ. ಚಿಂತಾಮಣಿಯ ಏಪ್ರಿಲಿನಲ್ಲಿ ಕೋಣೆಯ ಉಷ್ಣತೆಯ ವೈನೆಂದರೆ ಕಷಾಯ.

ಕಷಾಯವೆಂದಾಗ ಇನ್ನೊಂದು ಮೂಢನಂಬಿಕೆ ನೆನಪಾಯಿತು. ದುಬಾರಿ ಬಾಟಲಿಗೆ ಮನೆಯವರಿಂದ ಒಪ್ಪಿಗೆ ಪಡೆಯಲು ನಮ್ಮವರು 'ರೆಡ್ ವೈನ್ ಹಾರ್ಟಿಗೆ ಒಳ್ಳೇದಂತೆ' ಎನ್ನುತ್ತಾರೆ. 1990ರ ದಶಕದ ಆರಂಭದಲ್ಲಿ ಅಮೆರಿಕದ ಟೀವಿಯಲ್ಲಿ ಫ್ರೆಂಚರ ಹೃದಯದ ಬಗ್ಗೆ ಬಂದ ಕಾರ್ಯಕ್ರಮದಿಂದ ಜಗತ್ತಿಗೆಲ್ಲ ಹಬ್ಬಿದ ಮಾತು ಅದು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಆಲ್ಕೋಹಾಲಿಗೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಕುಡಿಯದವನು ಇದನ್ನೋದಿ ಶುರುಮಾಡಬೇಕಾದ ಅಗತ್ಯ ಏನೂ ಇಲ್ಲ. ಕುಡಿಯುವವನು ಖುಷಿಗೆ ಕುಡಿಯಲಿ, ಸ್ವಲ್ಪ ಕುಡಿಯಲಿ. ಔಷಧಿಯ ನೆಪದಲ್ಲಿ ಸಾವಿರ ರೂಪಾಯಿ ಹೆಚ್ಚು ಕೊಡುವುದು ಬೇಡ.

ಸರಿ, ತಿಂಗಳಿಗೆ ಒಂದೂವರೆ ಸಾವಿರ ಮೀರಬಾರದು ಎಂದು ನಿಶ್ಚಯಿಸಿದವನು ತನ್ನ ಮೆಚ್ಚಿನ ವೈನನ್ನು ಕಂಡುಕೊಳ್ಳುವುದು ಹೇಗೆ? ಒಬ್ಬನೇ ದೊಡ್ಡ ಬಾಟಲಿ ತರುವುದು ದಂಡ. ಮುಚ್ಚಳ ತೆಗೆದ ವೈನ್ ಎರಡು ಮೂರು ದಿನದಲ್ಲಿ ಸಪ್ಪೆಯಾಗುತ್ತದೆ. ದುಡ್ಡು ಕೊಟ್ಟಿದ್ದೇವಲ್ಲ ಎಂದು ಅಂದೇ ಮುಗಿಸಿದರೆ ಮಾರನೆಯ ದಿನ ತಲೆನೋವು. 375 ಮಿಲಿಯ ಅರ್ಧ ಬಾಟಲಿ ಕೇಳಿ, ಇಲ್ಲವೇ ನಾಲ್ಕು ಜನ ಸೇರಿ ಮೂರು ಬಾಟಲಿ ತನ್ನಿ: ಒಂದು ನಾಸಿಕದ ಜಿನ್‌ಫ್ಯಾಂಡೆಲ್, ಒಂದು ನಂದಿ ತಪ್ಪಲಿನ ಶಿರಾಜ್, ಒಂದು ಬೆಂಗಳೂರು ಬ್ಲೂ ಹಣ್ಣಿನದು. ಒಬ್ಬರು ಒಳಗೆ ಹೋಗಿ ಬಾಟಲಿಗಳಿಗೆ ಪೇಪರ್ ಸುತ್ತಿ ನಂಬರ್ ಬರೆಯಲಿ. ಟೀ ಅಂಗಡಿಯ ಗಾಜಿನ ಲೋಟ ಸಾಕು. ಸ್ಟೀಲ್ ಲೋಟ ಬೇಡ, ಬಣ್ಣ ಕಾಣುವುದಿಲ್ಲ. ಮೊದಲು ಬರಿದೇ ಒಂದು ಗುಟುಕು, ಆಮೇಲೆ ಊಟದ ಜೊತೆ. ಯಾವುದರ ಲೋಟ ಮೊದಲು ಖಾಲಿಯಾಯಿತೋ ಅದನ್ನು ಗುರುತು ಹಾಕಿಕೊಳ್ಳಿ. ಬಾಯಿಂದ ಬಂದ ಅಭಿಪ್ರಾಯಕ್ಕಿಂತ ಖಾಲಿಯಾದ ಲೋಟ ಹೆಚ್ಚು ಪ್ರಾಮಾಣಿಕ. ಕೆಂಪು ಜಿನ್‌ಫ್ಯಾಂಡೆಲ್ ಕೊಳ್ಳುವಾಗ ಇನ್ನೊಂದು ಗಮನವಿರಲಿ. ಆ ಗೊಂಚಲು ಸಮನಾಗಿ ಹಣ್ಣಾಗದು. ಒಂದೇ ಗೊಂಚಲಿನಲ್ಲಿ ಕಾಯಿಯೂ ಇರುತ್ತದೆ, ಒಣದ್ರಾಕ್ಷಿಯಂತೆ ಬಾಡಿದ್ದೂ ಇರುತ್ತದೆ. ಕಾಯಿ ಮಾಗಲಿ ಎಂದು ಬಿಟ್ಟರೆ ಸಕ್ಕರೆ ಏರಿ ಆಲ್ಕೋಹಾಲ್ ಏರುತ್ತದೆ. ಚೀಟಿಯಲ್ಲಿ ಶೇಕಡಾವಾರು ನೋಡಿ, ಕಡಿಮೆ ಇರುವುದನ್ನು ತೆಗೆದುಕೊಂಡರೆ ನಮ್ಮ ಊಟಕ್ಕೂ ಹವೆಗೂ ವಾಸಿ.

ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿರುವ ನಮ್ಮಣ್ಣನ ಮಗನ ಮೇಲೆ ಇದನ್ನು ಪ್ರಯೋಗಿಸಿದೆವು. "ಚಿಕ್ಕಪ್ಪ, ಎರಡನೇ ನಂಬರ್ ಇಂಪೋರ್ಟೆಡ್, ಗ್ಯಾರಂಟಿ" ಎಂದ. ಪೇಪರ್ ಬಿಚ್ಚಿದಾಗ ನಂದಿ ಬೆಟ್ಟದ ಚಿತ್ರ ಕಂಡು ಅವನು ತಕ್ಷಣ ಹೇಳಿದ್ದು, "ಹಾಗಾದ್ರೆ ಇದು ಒಳ್ಳೇ ಬ್ಯಾಚ್ ಇರಬೇಕು." ನಂಬಿಕೆ ಎಷ್ಟು ಗಟ್ಟಿ ನೋಡಿ, ಸಾಕ್ಷಿ ಎದುರಿಗೆ ನಿಂತರೂ ನೆಪ ಹುಡುಕುತ್ತದೆ.

ನಂದಿಯ ಬುಡದಲ್ಲಿ 1988ರಲ್ಲಿ ಕನ್ವಲ್ ಗ್ರೋವರ್ ವೈನರಿ ಸ್ಥಾಪಿಸಿದಾಗ ಇಲ್ಲಿ ಫ್ರೆಂಚ್ ತಳಿಯ ದ್ರಾಕ್ಷಿ ಬಂದೀತೆಂದು ನಂಬಿದವರು ಕಡಿಮೆ. ಬಂತು. ಫ್ರಾನ್ಸಿನ ಮಿಶೆಲ್ ರೋಲಾಂರಂಥವರು ಸಲಹೆ ಕೊಡಲು ಬಂದರು. ಅದು ಸಂತೋಷದ ವಿಷಯ, ಆ ವೈನ್‌ಗಳಲ್ಲಿ ಕೆಲವು ನನಗೆ ಇಷ್ಟ. ಆದರೆ ವಾರಾಂತ್ಯದಲ್ಲಿ ಬೆಂಗಳೂರಿನಿಂದ ವೈನರಿ ನೋಡಲು ಬರುವ ಕಾರುಗಳು ದಾರಿಯುದ್ದಕ್ಕೂ ದಾಟುವುದು ಚಿಕ್ಕ ರೈತರ ದಿಲ್‌ಖುಷ್ ಮತ್ತು ಬ್ಲೂ ಚಪ್ಪರಗಳನ್ನು. ಸಾವಿರ ಅಡಿಗೂ ಕೆಳಗೆ ಹೋದ ಬೋರ್‌ವೆಲ್ ನೀರಿನಲ್ಲಿ ಬೆಳೆದ ಹಣ್ಣು ಅದು. ನಮ್ಮ ಜಿಲ್ಲೆ ಕೋಲಾರದಿಂದ ಬೇರೆಯಾದ 2007ರಲ್ಲೇ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ದ್ರಾಕ್ಷಿ ರೈತನಿಗೆ ಹಣ್ಣಿನ ಮಂಡಿಯಲ್ಲದೆ ಇನ್ನೊಂದು ಬಾಗಿಲು ತೆರೆಯಲಿ ಎಂಬುದು ಅದರ ಆಶಯ. 2020ರ ಲಾಕ್‌ಡೌನಿನಲ್ಲಿ ಹಣ್ಣು ಹೊರಗೆ ಹೋಗದೆ ಚಪ್ಪರದಲ್ಲೇ ಕೊಳೆಯತೊಡಗಿದಾಗ ಆ ಇನ್ನೊಂದು ಬಾಗಿಲು ಎಷ್ಟು ಕಿರಿದು ಎಂದು ತಿಳಿಯಿತು. ಬ್ಲೂ ಹಣ್ಣಿನ ವೈನನ್ನು ನಾಚಿಕೆಯ ಸರಕು ಮಾಡಿಟ್ಟರೆ ವೈನರಿ ಅದನ್ನು ಅಗ್ಗದ ಪೋರ್ಟಿಗೆ ಮಾತ್ರ ಕೊಳ್ಳುತ್ತದೆ, ಅಗ್ಗದ ಪೋರ್ಟಿಗೆ ಅಗ್ಗದ ಹಣ್ಣೇ ಸಾಕು, ರೈತ ಒಳ್ಳೆಯ ಹಣ್ಣು ಬೆಳೆಯಬೇಕಾದ ಕಾರಣ ಇಲ್ಲ, ಆಗ ವೈನೂ ಕೆಟ್ಟದಾಗುತ್ತದೆ. ಆಮೇಲೆ 'ನಾವು ಹೇಳಲಿಲ್ಲವೇ' ಎನ್ನಲು ಪಂಡಿತರು ಸಿದ್ಧ. ಊಹುಡ್ಲರ್ ಮಾಡುವ ಹಳ್ಳಿಗರು ಈ ಸರಪಳಿಯನ್ನು ಕಡಿದದ್ದು ವಾಸನೆ ಬದಲಿಸಿ ಅಲ್ಲ. ವಾಸನೆಯನ್ನು ಒಪ್ಪಿಕೊಂಡು, ಹಣ್ಣನ್ನು ಹದವಾಗಿ ಕೊಯ್ದು, ಶುಚಿಯಾಗಿ ಹುದುಗಿಸಿ.

ವೈನರಿಗಳಿಂದ ಬೇಕಾಗಿರುವುದು ದೊಡ್ಡದೇನಲ್ಲ. ಚೀಟಿಯ ಮೇಲೆ ಎಷ್ಟು ಸಿಹಿ ಎಂದು ಕನ್ನಡದಲ್ಲಿ ಬರೆಯಲಿ, ಯಾವ ಹಣ್ಣು ಎಂದು ಮುಚ್ಚುಮರೆಯಿಲ್ಲದೆ ಹೇಳಲಿ, ಅರ್ಧ ಬಾಟಲಿಗಳನ್ನು ತಾಲ್ಲೂಕು ಕೇಂದ್ರದ ಅಂಗಡಿಗೂ ಕಳಿಸಲಿ. ಇನ್ನು ರಾಜ್ಯದ ವೈನ್ ಮಂಡಳಿ ನಡೆಸುವ ದ್ರಾಕ್ಷಾರಸ ಉತ್ಸವದಲ್ಲಿ ಒಂದು ಮೇಜು ನನ್ನ ಮಾತಿನಂತೆ ಹಾಕಲಿ: ಪೇಪರ್ ಸುತ್ತಿದ ಹತ್ತು ಬಾಟಲಿ, ಅದರಲ್ಲಿ ಎರಡು ಹೊರದೇಶದ ಜಿನ್‌ಫ್ಯಾಂಡೆಲ್, ಒಂದು ನಾಸಿಕದ್ದು, ಎರಡು ಚೆನ್ನಾಗಿ ಮಾಡಿದ ಬೆಂಗಳೂರು ಬ್ಲೂ, ಜೊತೆಗೆ ಒಂದು ಪಾತ್ರೆ ಖಾರದ ನಾಟಿ ಕೋಳಿ ಸಾರು. ಸಿಹಿ ವೈನ್ ಕಂಡರೆ ನಗುವವರನ್ನೆಲ್ಲ ಕರೆದು ಕೂರಿಸಿ ಅಂಕ ಬರೆಸಲಿ, ಸಂಜೆ ಎಲ್ಲರೆದುರು ಪೇಪರ್ ಬಿಚ್ಚಲಿ. ಅಂಕಪಟ್ಟಿಯನ್ನು ಮಾತ್ರ ಯಾರಿಗೂ ವಾಪಸು ಕೊಡಬಾರದು.